ಅವಜಪ್ಪ ನಾಲಿಗೆ ಸುಡಿಸಿಕೊಳ್ಳಲಿಲ್ಲ

ನನ್ನ ತಾಯಿಯ ತಂದೆಯ ಪೂರ್ತಿ ಹೆಸರು ಅವಜ್ ಬಿನ್ ಸಾಲಂ. ಉಟ್ಕೂರಿನ ಕುರುಬರ ಬಾಯಿಗೆ ಬಿದ್ದು ಅದು ಅವಜಪ್ಪ ಆಯಿತು. ಹೆಸರಿನ ಕೊನೆಗೆ ಒಂದು 'ಅಪ್ಪ' ಅಂಟಿಸಿಬಿಟ್ಟರೆ ಎಂಥವನೂ ನಮ್ಮವನಾಗುತ್ತಾನೆ ಎಂದು ನಮ್ಮ ಜನ ತಿಳಿದಿದ್ದರು. ಅಷ್ಟು ಸುಲಭವಲ್ಲ ಎಂದು ಅವರಿಗೆ ಅರ್ಥವಾದದ್ದು ಆಮೇಲೆ.

ಅವನು ಹುಟ್ಟಿದ್ದು ಸಮುದ್ರದಾಚೆಯ ಅರಬರ ನಾಡಿನಲ್ಲಿ, ಹದ್ರಮೌತ್ ಎಂಬ ಸೀಮೆಯ ಒಂದು ಒಣ ಕಣಿವೆಯಲ್ಲಿ. ತಾಯಿ ಮೇಕೆ ಕಾಯುತ್ತಿದ್ದಳು. ತಂದೆ ಸಾಲಂ ನಿಜಾಮರ ರಾಜ್ಯಕ್ಕೆ ಬಂದು ಗದ್ವಾಲದ ಒಬ್ಬ ಜಹಗೀರದಾರನ ಮನೆಯ ಕಾವಲಿಗೆ ಸೇರಿಕೊಂಡಿದ್ದ. ಹೆಂಡತಿ ಸತ್ತಳೆಂಬ ಸುದ್ದಿ ಮುಟ್ಟಿದಾಗ ಸಾಲಂ ಊರಿಗೆ ಹೋಗಿ, ಹಾಲುಹಲ್ಲು ಬಿದ್ದು ಇನ್ನೂ ಹೊಸ ಹಲ್ಲು ಪೂರ್ತಿ ಬಾರದಿದ್ದ ಮಗನನ್ನು ಹಡಗಿಗೆ ಹತ್ತಿಸಿಕೊಂಡು ಬಂದ. ಮುಂಬಯಿಯಿಂದ ರೈಲು, ರಾಯಚೂರಿನಿಂದ ಬಂಡಿ, ಕೊನೆಗೆ ಗದ್ವಾಲ.

ಆ ಕಾಲದಲ್ಲಿ ಅರಬ ಕಾವಲುಗಾರರನ್ನು ಜನ ಚಾವೂಸರು ಎನ್ನುತ್ತಿದ್ದರು. ಸೊಂಟದಲ್ಲಿ ಡೊಂಕು ಬಾಕು, ಹೆಗಲಿಗೆ ಬಂದೂಕು. ರಚ್ಚೆ ಹಿಡಿದ ಮಗುವಿಗೆ 'ಅಗಾ, ಚಾವೂಸ ಬಂದ' ಎಂದರೆ ಸಾಕು, ಬಾಯಿ ಮುಚ್ಚುತ್ತಿತ್ತು. ಅವಜ್ ಬೆಳೆದು ಅಂಥವನೇ ಆದ. ತಂದೆ ತೀರಿಕೊಂಡ ಮೇಲೆ ಅದೇ ಬಂದೂಕು, ಅದೇ ಬಾಕು ಅವನ ಪಾಲಿಗೆ ಬಂದವು. ಅರಬ್ಬಿ ಮಾತಾಡುವವರು ಕಡಿಮೆಯಾಗುತ್ತ ಹೋದರು. ಜಹಗೀರದಾರನ ದೇವಡಿಯೊಳಗೆ ಉರ್ದು, ಬೀದಿಯಲ್ಲಿ ತೆಲುಗು. ಎರಡರಲ್ಲೂ ಅವನು ಆಡುತ್ತಿದ್ದುದು ಗದರಿಸುವ ಮಾತುಗಳೇ ಹೆಚ್ಚು.

ಒಂದು ಬೇಸಿಗೆಯಲ್ಲಿ ಉಟ್ಕೂರಿನ ಕುರುಬ ಕಾಳಪ್ಪ ಮೇವು ಹುಡುಕುತ್ತ ಕೃಷ್ಣೆ ದಾಟಿ ಗದ್ವಾಲದ ಕಡೆ ಬಂದಿದ್ದ. ಜೊತೆಗೆ ಅವನ ಮಗಳು ಪೆಂಟಮ್ಮ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವರ ಕುರಿಗಳು ಜಹಗೀರದಾರನ ಕಾಯ್ದಿಟ್ಟ ಹುಲ್ಲುಗಾವಲಿಗೆ ನುಗ್ಗಿದವು. ಕಾವಲಿನ ಮುಖ್ಯಸ್ಥ ಉಮರ್ ಜಮಾದಾರ ಅಷ್ಟೂ ಕುರಿಗಳನ್ನು ದೊಡ್ಡಿಗೆ ಹೊಡೆಸಿ, ಬಾಗಿಲಿಗೆ ಅವಜನನ್ನು ನಿಲ್ಲಿಸಿದ. ಬರುವ ಶುಕ್ರವಾರ ಮನೆಯಲ್ಲಿ ಔತಣವಿತ್ತು. ಚೆನ್ನಾಗಿರುವ ಟಗರುಗಳನ್ನು ಆರಿಸಿಕೊಂಡು ಉಳಿದವನ್ನು ಬಿಡುವುದೆಂದು ಮಾತಾಗಿತ್ತು. ಅಪ್ಪ ಮಗಳು ದೊಡ್ಡಿಯ ಗೋಡೆಗೆ ಒರಗಿ ಬಿಸಿಲಲ್ಲಿ ಕೂತರು.

ಮಧ್ಯಾಹ್ನ ಒಂದು ಕುರಿಗೆ ಹೆರಿಗೆ ನೋವು ಬಂತು. ಮರಿಯ ಕಾಲು ಒಳಗೇ ಮಡಚಿಕೊಂಡಿತ್ತು. ಕುರಿ ಒದರುವುದನ್ನು ಹೊರಗಿನಿಂದಲೇ ಕೇಳಿದ ಪೆಂಟಮ್ಮ ಎದ್ದು ಬಂದು ಬಾಗಿಲಲ್ಲಿ ನಿಂತಳು.

"ಒಳಗ ಬಿಡು. ಎರಡು ಜೀವ ಹೋಗ್ತಾವ."

ಅವಜನಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಆ ಒದರಾಟ ಏನೆಂದು ಗೊತ್ತಿತ್ತು. ಅವನು ಬಾಗಿಲು ತೆಗೆದ. ಅವಳ ಹಿಂದೆಯೇ ಹೋಗಿ, ಬಂದೂಕು ಗೋಡೆಗೆ ಆನಿಸಿ, ಕುರಿಯ ಮುಂದೆ ಮಂಡಿಯೂರಿ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ತಾಯಿ ಮೇಕೆಗಳಿಗೆ ಮಾಡುತ್ತಿದ್ದಂತೆ ಗಂಟಲಿನಲ್ಲಿ ಒಂದು ಸಣ್ಣ ಸದ್ದು ಮಾಡತೊಡಗಿದ. ಪೆಂಟಮ್ಮ ಒಳಗೆ ಕೈ ಹಾಕಿ ಕಾಲು ಸರಿಮಾಡಿ ಮರಿಯನ್ನು ಎಳೆದಳು. ಮರಿ ಬದುಕಿತು. ಇಬ್ಬರ ಕೈಗೂ ಲೋಳೆ, ರಕ್ತ ಮೆತ್ತಿಕೊಂಡಿತ್ತು. ಅವಜ್ ತನ್ನ ಕೈಯನ್ನು ಮೂಗಿಗೆ ಹಿಡಿದು ಕೂತುಬಿಟ್ಟ.

"ಆ ವಾಸನೆ ನಮ್ಮವ್ವನ ವಾಸನೆ ಆಗಿತ್ತು," ಎಂದು ಎಷ್ಟೋ ವರ್ಷಗಳ ಮೇಲೆ ಅವನು ನನ್ನ ತಾಯಿಗೆ ಹೇಳಿದ್ದ. "ಅಷ್ಟು ದಿನ ಅದು ಎಲ್ಲಿ ಹೋಗಿತ್ತು ಅಂತ ತಿಳೀಲಿಲ್ಲ."

ಅವನು ಎದ್ದು ದೊಡ್ಡಿಯ ಬಾಗಿಲನ್ನು ಹಾರುಹೊಡೆದ. ಹಾಡುಹಗಲಿನಲ್ಲಿ, ಕಾವಲಿನವರೆಲ್ಲ ನೋಡುತ್ತಿದ್ದಂತೆ, ಕುರಿಗಳನ್ನೆಲ್ಲ ಹೊರಗೆ ಹೊಡೆದ. ಉಮರ್ ಜಮಾದಾರ ಬೈಯುತ್ತ ಓಡಿಬಂದ. ಅವಜ್ ಬಂದೂಕನ್ನೂ ಬಾಕುವನ್ನೂ ಬಿಚ್ಚಿ ಅವನ ಕಾಲ ಬಳಿ ಇಟ್ಟ. "ನಾನು ಕಾಯುವವನು, ಕಸಿಯುವವನಲ್ಲ," ಎಂದು ಅರಬ್ಬಿಯಲ್ಲಿ ಹೇಳಿ ಕುರಿಗಳ ಹಿಂದೆ ನಡೆದ. ಜಮಾದಾರ ಬೇಕಿದ್ದರೆ ಗುಂಡು ಹೊಡೆಯಬಹುದಿತ್ತು. ಹೊಡೆಯಲಿಲ್ಲ. ಸಾಲಂ ಅವನ ಗೆಳೆಯನಾಗಿದ್ದ.

ಬೇಸಿಗೆಯ ಕೃಷ್ಣೆ ಮೊಣಕಾಲುದ್ದ. ಹಿಂಡು ನೀರು ದಾಟಿತು, ಅವನೂ ದಾಟಿದ. ಕಾಳಪ್ಪನಿಗೆ ಭಯ. "ಹಿಂದಕ್ಕ ಹೋಗಪ್ಪ, ನಿನ್ನ ಸಲುವಾಗಿ ನಮಗ ತ್ರಾಸ ಬರ್ತೈತಿ," ಎಂದು ಕೈ ಮುಗಿದ. ಅವನು ಹೋಗಲಿಲ್ಲ, ಹತ್ತಿರಕ್ಕೂ ಬರಲಿಲ್ಲ. ಕೂಗಳತೆಯ ದೂರದಲ್ಲಿ ನಡೆಯುತ್ತಲೇ ಇದ್ದ. ಮಕ್ತಲ್ ಹತ್ತಿರ ಹಿಂಡು ನೆರಳಿಗೆ ನಿಂತಾಗ ಕಾಳಪ್ಪ ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಮಗಳ ಕೈಗೆ ಕೊಟ್ಟ.

"ಕೊಟ್ಟು ಬಾ. ಹಸಿದಾಂವ ಬೆನ್ನು ಹತ್ತಿದ್ರ ನಾಯಿ ಬೆನ್ನು ಹತ್ತಿದಂಗ, ಹೊಡದ್ರೂ ಹೋಗಂಗಿಲ್ಲ."

ಹೀಗೆ ಅವನು ಉಟ್ಕೂರಿಗೆ ಬಂದ.

ಕನ್ನಡವನ್ನು ಅವನು ಕುರಿಗಳಿಂದ ಕಲಿತ ಎಂದು ಊರಿನವರು ನಗುತ್ತಿದ್ದರು. ಸುಳ್ಳೇನಲ್ಲ. ಮರಿ, ಟಗರು, ಉಣ್ಣೆ, ಗಂಜಿ, ಕತ್ತರಿ. ಮೊದಲು ಬಂದ ಮಾತುಗಳು ಅವೇ. ನಡೆಯುತ್ತಲೇ ಉಣ್ಣೆ ನೂಲುವುದನ್ನು ಕಲಿತ, ಕಂಬಳಿಯ ಮಗ್ಗಕ್ಕೆ ಕೂತ. ಡೊಳ್ಳು ಅವನಿಗೆ ಬೇಗ ಒಲಿಯಿತು. ಕುರುಬರ ದೇವರು ಬೀರಪ್ಪನ ಕಥೆಯನ್ನು ಹಾಡಾಗಿ ಕೇಳಿ, ಅರ್ಥವಾಗುವ ಮೊದಲೇ ಬಾಯಿಪಾಠ ಮಾಡಿಕೊಂಡ. ಮೈಲಾರನ ಹೆಸರಿನಲ್ಲಿ ಕಾಳಪ್ಪ ಒಂದು ಭಾನುವಾರ ಎಲ್ಲರ ಹಣೆಗೆ ಭಂಡಾರ ಹಚ್ಚುತ್ತ ಬಂದವನು ಇವನ ಹಣೆಗೂ ಹಚ್ಚಿದ. ಇವನು ಒರೆಸಿಕೊಳ್ಳಲಿಲ್ಲ. ಅದೇ ಅರಿಶಿನದ ಹಣೆಯಲ್ಲಿ ಸಂಜೆ ಕಂಬಳಿ ಹಾಸಿ ನಮಾಜು ಮಾಡಿದ. ಮುಗಿದ ಮೇಲೆ ಕಂಬಳಿ ಕೊಡವಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡ.

ಹಬ್ಬದ ದಿನ ಎಲ್ಲರೂ ಸೇಂದಿ ಕುಡಿದು ಬಿದ್ದಾಗ ಕುರಿ ಕಾಯಲು ಅವನೊಬ್ಬನೇ ಎಚ್ಚರ. ಕುಡಿ ಎಂದು ಎಷ್ಟು ಒತ್ತಾಯ ಮಾಡಿದರೂ ಕುಡಿಯಲಿಲ್ಲ. ಕುಡಿದವರನ್ನು ಒಂದು ಮಾತು ಅನ್ನಲೂ ಇಲ್ಲ.

ಅವನಿಗೂ ಪೆಂಟಮ್ಮನಿಗೂ ಮನಸ್ಸು ಕೂಡಿದೆ ಎಂದು ಊರಿಗೆ ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಕುರುಬರಲ್ಲಿ ಗಂಡ ಸತ್ತವಳಿಗೆ ಉಡಿಕೆಯ ಪದ್ಧತಿ ಉಂಟು. ಗಂಡನಾಗುವವನು ಸೀರೆ ಕೊಡುತ್ತಾನೆ, ಅವಳು ಉಡುತ್ತಾಳೆ, ಅಲ್ಲಿಗೆ ಆಯಿತು. ಹೆಣ್ಣಿನ ಬಗ್ಗೆ ಯಾರದೂ ತಕರಾರಿರಲಿಲ್ಲ. ತಕರಾರು ಗಂಡಿನದು. ಬೀರಪ್ಪನ ಪೂಜಾರಿ, ಕುಲದ ಹಿರಿಯ ಬಾಲಯ್ಯ ಗುಡಿಯ ಮುಂದೆ ಜನ ಸೇರಿಸಿದ. ಬಾಲಯ್ಯ ಕೆಟ್ಟವನಲ್ಲ. ಕುಲ ಎಂದರೆ ಅವನಿಗೆ ಕುರಿಹಟ್ಟಿಯ ಬೇಲಿ ಇದ್ದಂತೆ. ಒಂದು ಮುಳ್ಳು ಜರುಗಿದರೂ ತೋಳ ಒಳಗೆ ಬಂತೆಂದೇ ಲೆಕ್ಕ.

"ಹಾದಿ ಐತಿ," ಎಂದ ಬಾಲಯ್ಯ. "ಬಂಗಾರದ ತಂತಿ ಕಾಸಿ ನಾಲಿಗಿ ತುದಿಗೆ ಮುಟ್ಟಿಸ್ತೀವಿ. ಹಾಲು ಕುಡಸ್ತೀವಿ. ಹಳೇ ಹೆಸರು, ಹಳೇ ದೇವರು ಎಲ್ಲಾ ಸುಟ್ಟು ಹೋಗ್ತಾವ. ಅಲ್ಲಿಂದ ನೀ ಹಾಲುಮತದ ಕುರುಬ. ಪೆಂಟವ್ವನ ಸೀರಿ ನಾನs ಉಡಸ್ತೀನಿ."

ಅವಜಪ್ಪ ಎದ್ದು ನಿಂತ. ಆಗಿನ್ನೂ ಅವನ ಕನ್ನಡ ತೊದಲುತ್ತಿತ್ತು.

"ಈ ನಾಲಿಗಿ ಮ್ಯಾಲ ನಮ್ಮವ್ವನ ಹೆಸರು ಐತಿ. ಬೀರಪ್ಪನ ಹಾಡೂ ಐತಿ. ಎರಡೂ ಒಂದs ಕಡಿ ಅದಾವ. ನೀವು ಯಾವುದನ್ನ ಸುಡ್ತೀರಿ?"

"ಮಾತು ಬ್ಯಾಡ. ಹೂಂ ಅಂತೀಯೋ, ಊಹೂಂ ಅಂತೀಯೋ?"

"ಊಹೂಂ."

ಜನ ಗದ್ದಲ ಮಾಡಿದರು. ಪೆಂಟಮ್ಮ ಎದ್ದು, ಎಲ್ಲರ ಮುಂದೆ ಅವನ ಹತ್ತಿರ ಹೋಗಿ, "ಸೀರಿ ತಂದೀಯಿಲ್ಲ?" ಎಂದು ಕೇಳಿದಳು. ಅವನು ತಂದಿದ್ದ. ನಾರಾಯಣಪೇಟೆಯ ಮಗ್ಗದ ಸೀರೆ, ಕೆಂಪು ಅಂಚಿನದು, ಕಂಬಳಿಯೊಳಗೆ ಸುತ್ತಿಟ್ಟಿದ್ದ. ಅವಳು ಅದನ್ನು ಮೈಮೇಲೆ ಹೊದ್ದುಕೊಂಡು, "ಉಟ್ಟೀನಿ. ಇನ್ನ ಬೈಯೋರು ಬೈರಿ," ಎಂದಳು.

ಕಾಳಪ್ಪ ಅವರಿಗೆ ಊರ ಹೊರಗಿನ ತನ್ನ ದಿನ್ನೆಯ ಮೇಲೆ ಒಂದು ಗುಡಿಸಲು ಹಾಕಿಕೊಟ್ಟ. ಬಾಲಯ್ಯ ಕುಲದ ಊಟದ ಪಂಕ್ತಿಯಲ್ಲಿ ಅವರಿಗೆ ಎಲೆ ಹಾಕುವುದನ್ನು ನಿಲ್ಲಿಸಿದ. ಮುಂದಿನ ವರ್ಷಗಳಲ್ಲಿ ಮಗಳು ಮೈಸಮ್ಮ ಹುಟ್ಟಿದಳು, ಕಾಳಪ್ಪ ತೀರಿಕೊಂಡ, ಹಿಂಡು ಬೆಳೆಯಿತು. ಗುಡಿಯ ಡೊಳ್ಳಿಗೆ ಅವಜಪ್ಪನನ್ನು ಕರೆಯುತ್ತಿರಲಿಲ್ಲ. ಆದರೆ ಹುಣ್ಣಿಮೆಗೆ ದಿನ್ನೆಯ ಮೇಲಿಂದ ಅವನ ಡೊಳ್ಳು ಕೇಳಿದರೆ ಯಾರೂ ಬೇಡವೆನ್ನುತ್ತಿರಲಿಲ್ಲ.

ನಲವತ್ತೆಂಟರ ಬೇಸಿಗೆಯಲ್ಲಿ ನಾರಾಯಣಪೇಟೆಯ ಕಡೆಯಿಂದ ನಿಜಾಮರ ಪರ ನಿಂತ ರಜಾಕಾರರ ಲಾರಿ ಬಂತು. ಊರ ಬಾಗಿಲುಗಳೆಲ್ಲ ಮುಚ್ಚಿಕೊಂಡವು. ಲಾರಿ ಸೀದಾ ದಿನ್ನೆಗೆ ಹೋಯಿತು. ಬಂದೂಕು ಹಿಡಿಯಬಲ್ಲ ಅರಬನೊಬ್ಬ ಇಲ್ಲಿ ಕುರಿ ಕಾಯುತ್ತಿದ್ದಾನೆಂದು ಯಾರೋ ಹೇಳಿದ್ದರು. ಅವರ ಮುಖಂಡ ಕಂಬಳಿ ಹೊದ್ದ ಇವನನ್ನು ನೋಡಿ ನಕ್ಕ. ಉರ್ದುವಿನಲ್ಲಿ, ಅರಬರ ರಕ್ತದವನು ಕಾಫಿರರ ಕುರಿ ಕಾಯುವುದೇ, ನಾಚಿಕೆಯಾಗುವುದಿಲ್ಲವೇ, ಬಾ ಎಂದ.

ಅವಜಪ್ಪನಿಗೆ ಉರ್ದು ಚೆನ್ನಾಗಿಯೇ ಬರುತ್ತಿತ್ತು. ಆದರೂ ಕನ್ನಡದಲ್ಲಿ ಉತ್ತರ ಕೊಟ್ಟ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಊರಿಗೆ ಕೇಳಲೆಂದೇ ಹಾಗೆ ಗಟ್ಟಿಯಾಗಿ ಹೇಳಿದ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು.

"ನಮ್ಮ ಪೈಗಂಬರರೂ ಕುರಿ ಕಾದವರು. ಅವರಿಗೆ ಇಲ್ಲದ ನಾಚಿಗಿ ನನಗ್ಯಾಕ್ರಿ? ಈ ಜನರ ರೊಟ್ಟಿ ತಿಂದೀನಿ. ಇವರ ಮ್ಯಾಲ ಕೈ ಎತ್ತಂಗಿಲ್ಲ."

ಮುಖಂಡನಿಗೆ ಮಾತು ಅರ್ಥವಾಗದಿದ್ದರೂ ಧಾಟಿ ಅರ್ಥವಾಯಿತು. ಬಂದೂಕಿನ ಹಿಂಬದಿಯಿಂದ ಹೊಡೆದರು. ಎಡಗೈ ಮೊಣಕೈಯಲ್ಲಿ ಮುರಿಯಿತು. ಲಾರಿಗೆ ಹಿಡಿಯುವಷ್ಟು ಕುರಿ ತುಂಬಿಕೊಂಡು ಹೋದರು. ಬಾಗಿಲುಗಳು ತೆರೆದವು. ಮೊದಲು ಓಡಿಬಂದು ಅವನನ್ನು ಎತ್ತಿ ಕೂಡಿಸಿದವಳು ಬಾಲಯ್ಯನ ಹೆಂಡತಿ, ಮೊಹರಮ್ ಹರಕೆಗೆ ಹುಟ್ಟಿ ಆ ಹೆಸರು ಪಡೆದ ಹುಸೇನಮ್ಮ. ಆ ಕೈ ಮತ್ತೆಂದೂ ನೆಟ್ಟಗಾಗಲಿಲ್ಲ.

ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ಸೈನ್ಯ ಬಂತು. ವಾರ ತುಂಬುವುದರೊಳಗೆ ನಿಜಾಮರ ರಾಜ್ಯ ಶರಣಾಯಿತು. ಪೋಲೀಸ್ ಆ್ಯಕ್ಷನ್ ಎಂದು ಎಲ್ಲರ ಬಾಯಲ್ಲೂ. ರಜಾಕಾರರು ದಿಕ್ಕಾಪಾಲಾದರು. ಅದಾದ ಮೇಲೆ ಇನ್ನೊಂದು ಹುಕುಂ ಬಂತು: ಹೊರದೇಶದಲ್ಲಿ ಹುಟ್ಟಿದ ಅರಬರನ್ನೂ ರೋಹಿಲ ಪಠಾಣರನ್ನೂ ಹಿಡಿದು ಅವರವರ ದೇಶಕ್ಕೆ ಕಳಿಸುವುದು. ಉಟ್ಕೂರಿಗೆ ಬಂದ ಪೋಲೀಸರು ದಿನ್ನೆಯ ಮೇಲಿನ ಚಾವೂಸನನ್ನು ಮಕ್ತಲ್‌ಗೆ ಕರೆದೊಯ್ದರು. ರಜಾಕಾರರ ಪೆಟ್ಟಿನ ಕೈ ಇನ್ನೂ ಕೊರಳಿನ ಜೋಲಿಯಲ್ಲಿತ್ತು.

ಮಕ್ತಲ್‌ನ ಸಂತೆಯ ಬಯಲಿನಲ್ಲಿ ಡೇರೆ ಹಾಕಿದ್ದರು. ಅಲ್ಲಿ ಕೂಡಿಸಿದವರ ನಡುವೆ ಒಬ್ಬ ಮುದುಕ ಅವಜಪ್ಪನ ಕಡೆಗೆ ಕೈ ಚಾಚಿದ. ಉಮರ್ ಜಮಾದಾರ. ಬಂದೂಕಿಲ್ಲದೆ, ಬಾಕುವಿಲ್ಲದೆ, ಹಲ್ಲೂ ಇಲ್ಲದೆ ಕುಗ್ಗಿಹೋಗಿದ್ದ.

"ನೋಡಿದೆಯಾ, ಸಾಲಂನ ಮಗನೇ," ಎಂದ ಮುದುಕ ಅರಬ್ಬಿಯಲ್ಲಿ. "ಅಂದು ನನ್ನನ್ನು ಬಿಟ್ಟುಹೋದೆ. ಇಂದು ಇವರ ಕಣ್ಣಿಗೆ ನೀನೂ ನಾನೂ ಒಂದೇ. ಆ ಕಂಬಳಿ ನಿನಗೆ ಏನು ಕೊಟ್ಟಿತು? ಬಾ, ನಮ್ಮ ಕಣಿವೆಗೆ ಹೋಗೋಣ."

ಎಷ್ಟೋ ವರ್ಷಗಳಿಂದ ಯಾರೂ ಅವಜಪ್ಪನನ್ನು ಸಾಲಂನ ಮಗನೇ ಎಂದು ಕರೆದಿರಲಿಲ್ಲ. ಮುದುಕನ ಕೈ ಹಿಡಿದುಕೊಂಡು ಅತ್ತುಬಿಟ್ಟ. ಕಣಿವೆಯ ಆಸೆ ಅವನಿಗೆ ಇರಲಿಲ್ಲವೆಂದರೆ ಸುಳ್ಳಾದೀತು. ಆ ಅರ್ಧ ದಿನ ಅವನ ಮನಸ್ಸು ಹಡಗು ಹತ್ತಿ ಇಳಿದಿತ್ತು.

ಸಂಜೆಯ ಹೊತ್ತಿಗೆ ತಹಸೀಲಿನ ಪೇಷ್ಕಾರ ಸುಧೀಂದ್ರರಾಯರು ಬಂದರು. ರಾಯಚೂರಿನ ವೈಷ್ಣವರು, ಹಣೆಯ ತುಂಬ ಅಂಗಾರ ಅಕ್ಷತೆ. ಚಳಿಗಾಲದಲ್ಲಿ ಹೊದೆಯಲು ಅವಜಪ್ಪನ ಕೈಯ ಕಂಬಳಿಯೇ ಆಗಬೇಕು ಎನ್ನುವವರು. ಅವನನ್ನು ಪಕ್ಕಕ್ಕೆ ಕರೆದರು.

"ನೋಡಪಾ, ನಾಳೆ ಮುಂಜಾನೆ ಮೇಜರ್ ಸಾಹೇಬರು ಕೇಳ್ತಾರ. ಇಲ್ಲೇ ಹುಟ್ಟಿದವರನ್ನ ಬಿಡ್ತಾರ. ಹುಟ್ಟಿದ್ದು ಗದ್ವಾಲದಾಗ ಅನ್ನು. ಜಾತಿ ಕುರುಬ ಅನ್ನು. ಹೆಂಗೂ ಹಣೀಗೆ ಭಂಡಾರ ಐತಿ. ನಾನೂ ಹೌದು ಅಂತೀನಿ."

"ಸುಳ್ಳು ಆಗ್ತೈತಲ್ರಿ."

"ಜೀವಾ ಉಳಿಸ್ಕೊಳ್ಳಾಕ ಒಂದು ಸುಳ್ಳು ಅಂದ್ರ ಏನಾತು? ನೀ ಏನು ಹರಿಶ್ಚಂದ್ರನಾ?"

"ಅದಲ್ರಿ ರಾಯರ," ಎಂದ ಅವಜಪ್ಪ ನಿಧಾನವಾಗಿ. "ಗದ್ವಾಲದಾಗ ಹುಟ್ಟೀನಿ ಅಂದ್ರ ನಮ್ಮವ್ವ ನನ್ನ ಹಡೀಲೇ ಇಲ್ಲ ಅಂದಂಗ. ಕುರುಬ ಅಂದ್ರ ಬಾಲಯ್ಯನ ಮುಂದ ಆವತ್ತು ಊಹೂಂ ಅಂದಿದ್ದು ಸುಳ್ಳಾಗ್ತೈತಿ. ಭಂಡಾರ ನಾ ಬಚ್ಚಿಟ್ಟುಕೊಳ್ಳಾಕ ಹಚ್ಚಿದ್ದಲ್ರಿ."

ರಾಯರು ತಲೆ ಚಚ್ಚಿಕೊಂಡು ಹೋದರು.

ಮರುದಿನ ಮೇಜರು ಹಿಂದೂಸ್ತಾನಿಯಲ್ಲಿ ಕೇಳಿದರು, ಇವನು ಅದರಲ್ಲೇ ಉತ್ತರ ಕೊಟ್ಟ. ಹೆಸರು ಅವಜ್ ಬಿನ್ ಸಾಲಂ. ಹುಟ್ಟಿದ್ದು ಹದ್ರಮೌತ್‌ನಲ್ಲಿ. ಇರುವುದು ಉಟ್ಕೂರಿನಲ್ಲಿ.

"ಹಾಗಾದರೆ ನಿಯಮದ ಪ್ರಕಾರ ನೀನು ಹೋಗಬೇಕು," ಎಂದರು ಮೇಜರು.

"ನಾನು ಹೋಗುವುದಿಲ್ಲ."

"ಹೋಗುವುದಿಲ್ಲ ಎಂದರೆ?"

"ಎತ್ತಿ ಲಾರಿಗೆ ಹಾಕಿದರೆ ಹಾಕಿ. ನನ್ನ ಕಾಲಿನಿಂದ ನಾನು ಹತ್ತುವುದಿಲ್ಲ. ನನ್ನನ್ನು ಹೆತ್ತ ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ನನಗೆ ರೊಟ್ಟಿ ಕೊಟ್ಟ ಜನರನ್ನು ಬಿಡುವುದಿಲ್ಲ. ಎರಡರಲ್ಲಿ ಯಾವುದು ತಪ್ಪು ಎಂದು ಹೇಳಿ, ಕೇಳುತ್ತೇನೆ."

ಮೇಜರು ಸಿಟ್ಟಾಗಲಿಲ್ಲ, ಬಿಡಲೂ ಇಲ್ಲ. ಲಾರಿ ತರಿಸಿದರು. ಆದರೆ ಲಾರಿ ಬಯಲು ಬಿಟ್ಟು ರಸ್ತೆಗೆ ಬರಲು ಆಗಲಿಲ್ಲ. ರಸ್ತೆಯ ತುಂಬ ಕುರಿ. ಪೆಂಟಮ್ಮ ಹಿಂದಿನ ದಿನವೇ ಉಟ್ಕೂರಿನಿಂದ ಹಿಂಡು ಹೊಡೆದುಕೊಂಡು ಹೊರಟಿದ್ದಳು. ಹಾದಿಯಲ್ಲಿ ಒಬ್ಬೊಬ್ಬರಾಗಿ ಬೇರೆ ಹಿಂಡಿನವರೂ ಕೂಡಿಕೊಂಡಿದ್ದರು. ಲಾರಿಯವನು ಹಾರ್ನು ಬಾರಿಸಿದ. ಕುರಿಗಳು ಇನ್ನಷ್ಟು ಒತ್ತೊತ್ತಾಗಿ ನಿಂತವು. ಸಿಪಾಯಿಗಳು ಮೊದಲು ನಕ್ಕರು, ಆಮೇಲೆ ಬಂದೂಕಿನಿಂದ ತಳ್ಳಿದರು. ತಳ್ಳಿದ ಜಾಗಕ್ಕೆ ಮತ್ತೆ ಕುರಿ ಬಂದು ತುಂಬಿಕೊಂಡವು. ಪೆಂಟಮ್ಮ ಲಾರಿಯ ಮೂತಿಗೆ ಎದುರಾಗಿ ಕಂಬಳಿ ಹಾಸಿ ಕೂತಿದ್ದಳು. ಮೈಸಮ್ಮ ಪಕ್ಕದಲ್ಲಿ.

"ಏಳಮ್ಮ," ಎಂದರು ಸುಧೀಂದ್ರರಾಯರು ಗಾಬರಿಯಿಂದ. "ಮಿಲಿಟರಿಯವರು, ಗುಂಡು ಹೊಡದಾರು."

"ಹೊಡೀಲಿ ಬಿಡ್ರಿ. ರಜಾಕಾರರು ಮುರುದ್ರು, ನೀವು ಒಯ್ತೀರಿ. ನನ್ನ ಗಂಡ ಯಾರ ಕಣ್ಣಿಗೆ ಒಳ್ಳೇಂವಾಗಬೇಕ್ರಿ?"

ಮೇಜರು ಊರಿನ ಹಿರಿಯ ಯಾರು ಎಂದು ಕೇಳಿದರು. ಜನರ ಹಿಂದಿನಿಂದ ಬಾಲಯ್ಯ ಮುಂದೆ ಬಂದ. ಅವನೂ ನಡೆದು ಬಂದಿದ್ದ. ಯಾಕೆಂದು ಕೇಳಿದವರಿಗೆ ಕುರಿ ನೋಡಿಕೊಳ್ಳಲು ಎಂದಿದ್ದ.

"ಇವನು ನಿಮ್ಮ ಜಾತಿಯವನೇ?" ಮೇಜರರ ಪ್ರಶ್ನೆಯನ್ನು ರಾಯರು ಕನ್ನಡದಲ್ಲಿ ಹೇಳಿದರು. ಹೇಳುವಾಗ, ಹೌದು ಅನ್ನು ಎಂದು ಕಣ್ಣಿನಲ್ಲೇ ಬೇಡಿಕೊಂಡರು.

ಬಾಲಯ್ಯ ಅವಜಪ್ಪನನ್ನು ನೋಡಿದ. ಆ ಸೊಟ್ಟ ಕೈಯನ್ನು ನೋಡಿದ.

"ಅಲ್ರಿ. ಆಗು ಅಂದ್ರ ಆಗಲಿಲ್ಲ, ಅಂಥಾ ಹಟಮಾರಿ. ನಮ್ಮ ಪಂಕ್ತ್ಯಾಗ ಇವನಿಗೆ ಎಲಿ ಇಲ್ಲ." ಮೇಜರರ ಕಡೆ ತಿರುಗಿ ಹೇಳಿದ: "ಆದ್ರ ರಜಾಕಾರರು ಬಂದೂಕು ಕೊಡಾಕ ಬಂದಾಗ ಒಲ್ಲೆ ಅಂದ. ನಮ್ಮ ಸಲುವಾಗಿ ಕೈ ಮುರಿಸ್ಕೊಂಡ. ನಮ್ಮ ಕುಲದಾಂವ ಅಲ್ರಿ ಸಾಹೇಬ್ರ. ನಮ್ಮಾಂವ."

ರಾಯರು ಅದನ್ನು ಇದ್ದಹಾಗೇ ತಿರುಗಿಸಿ ಹೇಳಿದರು. ಮೇಜರು ಕುರಿಗಳ ಕಡೆಗೊಮ್ಮೆ, ಬಿಸಿಲಿನ ಕಡೆಗೊಮ್ಮೆ ನೋಡಿ, ಇಬ್ಬರು ಜಾಮೀನು ನಿಂತರೆ ಬಿಡುವುದಾಗಿ ಹೇಳಿದರು. ರಾಯರೂ ಬಾಲಯ್ಯನೂ ನಿಂತರು. ಪೆಂಟಮ್ಮ ಎದ್ದು ಬಾಯಿಂದ ಒಂದು ಸದ್ದು ಮಾಡಿದಳು. ಹಿಂಡು ಎರಡಾಗಿ ಸೀಳಿ ಲಾರಿಗೆ ದಾರಿ ಬಿಟ್ಟಿತು. ಅದರಲ್ಲಿ ಕೂತಿದ್ದ ಉಮರ್ ಜಮಾದಾರನಿಗೆ ಅವಜಪ್ಪ ತನ್ನ ಕಂಬಳಿಯನ್ನು ಕೊಟ್ಟ. ಸಮುದ್ರದ ಮೇಲೆ ಚಳಿ ಎಂದು ಅವನಿಗೆ ನೆನಪಿತ್ತು.

ಊರಿಗೆ ಬಂದ ಮೇಲೆ ಬಾಲಯ್ಯ ಮತ್ತೆ ದಿನ್ನೆ ಹತ್ತಿದ. ಮುಖದಲ್ಲಿ ಸಂತೋಷವಿತ್ತು.

"ಈಗರೆ ತಂತಿ ಮುಟ್ಟಿಸ್ಕೋ. ಊರಿಗೆ ಊರs ನಿನ್ನ ಸಲುವಾಗಿ ರಸ್ತೆಕ ಬಂತು. ನೀ ಒಂದು ಹೆಜ್ಜಿ ಬರಾಕ ಏನು ಕಷ್ಟ?"

"ಬಾಲಯ್ಯಣ್ಣ, ನಿನ್ನ ಕಾಲು ಮುಗಿತೀನಿ. ಉಳಿಸಿದಿ. ಆದ್ರ ಉಳಿಸಿದ್ದು ಯಾರನ್ನ? ನಾಲಿಗಿ ಸುಟ್ಟ ಮ್ಯಾಲ ಇರೋನು ಬ್ಯಾರೆ ಮನಿಷಾ ಆಗ್ತಾನ. ಅವನ್ನ ಕಟ್ಕೊಂಡು ಏನು ಮಾಡ್ತಿ?"

"ಅಂದ್ರ ಇನ್ನೂ ಅದs ಊಹೂಂ?"

"ರಜಾಕಾರರು ನನ್ನ ಅರ್ಧಾ ಕೇಳಿದ್ರು. ಮಿಲಿಟರಿಯವರೂ ಅದs ಅರ್ಧಾ ನೋಡಿ ಹಿಡ್ಕೊಂಡು ಹೋದ್ರು. ನೀನೂ ಅರ್ಧಾ ಕೊಯ್ದು ಕೊಡು ಅಂತಿ. ಹಂಗ ಕೊಯ್ಯೋದು ಕುರೀನ, ಮನಿಷಾನ್ನಲ್ಲ."

ಬಾಲಯ್ಯ ಹಣೆ ಚಚ್ಚಿಕೊಂಡು ಇಳಿದುಹೋದ. ಪಂಕ್ತಿಯಲ್ಲಿ ಎಲೆ ಹಾಕಲಿಲ್ಲ.

ಮಕ್ತಲ್‌ನ ಮಸೀದಿಯ ಹಿರಿಯರೂ ಒಮ್ಮೆ ಬಂದಿದ್ದರು. ಕಾಲ ಕೆಟ್ಟಿದೆ, ನಮ್ಮವರು ಒಟ್ಟಿಗಿರಬೇಕು, ಹಣೆಯ ಹಳದಿ ಒರೆಸಿ ಬಾ ಎಂದರು. ಅವರ ಮಾತಿನಲ್ಲಿ ದುಃಖವಿತ್ತು. ಅವನು ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಕೂಡಿಸಿ, ಹಾಲು ಕಾಸಿ ಕೊಟ್ಟು, "ನಮಾಜಿಗೆ ಕರೀರಿ, ಬರ್ತೀನಿ. ಒರಸಾಕ ಕರೀಬ್ಯಾಡ್ರಿ," ಎಂದ. ಅವರು ಕರೆಯಲಿಲ್ಲ.

ಅವನ ಈ ಹಟದ ಬೆಲೆಯನ್ನು ತೆರಬೇಕಾದವಳು ಮೈಸಮ್ಮ. ಅವಳು ಮದುವೆಯ ವಯಸ್ಸಿಗೆ ಬಂದಳು. ಗುಂಡುಮಾಲ್‌ನಿಂದ ಒಂದು ಸಂಬಂಧ ಬಂದು, ತಂದೆಯ ವಿಷಯ ಕೇಳಿ ಹಿಂದೆ ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಬಾಲಯ್ಯ ಹೇಳಿ ಕಳಿಸಿದ: ಈಗಲೂ ತಂತಿ ಇದೆ, ಹಾಲು ಇದೆ. ಈ ಸಲ ಪೆಂಟಮ್ಮನೇ ಗಂಡನ ಮುಂದೆ ಕೂತಳು. ಗುಡಿಯ ಮುಂದೆ ಸೀರೆ ಹೊದ್ದವಳು, ಲಾರಿಯ ಮುಂದೆ ಕೂತವಳು, ಅವಳೇ.

"ನಾ ಎಂದೂ ಕೇಳಲಿಲ್ಲ," ಎಂದಳು. "ಇವತ್ತು ಕೇಳ್ತೀನಿ. ಒಂದು ಚಿಟಿಕಿ ಸುಟ್ಟುಕೊಂಡ್ರ ಮಗಳ ಬಾಳೇವು ಆಗ್ತೈತಿ. ನಿನ್ನ ಹಟ ದೊಡ್ಡದೋ, ಮಗಳು ದೊಡ್ಡಾಕಿನೋ?"

ಅವನು ಎದ್ದು ಕುರಿಗಳ ನಡುವೆ ಹೋಗಿ ನಿಂತ. ನನ್ನ ತಾಯಿ ಹೇಳುತ್ತಿದ್ದಳು: ರಜಾಕಾರರ ಮುಂದೆ, ಮಿಲಿಟರಿಯವರ ಮುಂದೆ ಬಾಗದವನು ಅವತ್ತು ಬಾಗಿದ್ದ. ಎರಡು ದಿನ ರೊಟ್ಟಿ ಮುಟ್ಟಲಿಲ್ಲ. ಮೂರನೆಯ ದಿನ ಮುಂಜಾನೆ ಮುಖ ತೊಳೆದುಕೊಂಡು ಬಂದು, "ನಡೀರಿ ಬಾಲಯ್ಯನ ಮನೀಗೆ," ಎಂದ.

ಮೈಸಮ್ಮ ಹಾಲು ಕರೆಯುತ್ತಿದ್ದಳು. ಚರಿಗೆ ಕೆಳಗಿಟ್ಟು ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ?"

"ನಿನ್ನ ಸಲುವಾಗಿ, ಮೈಸೀ."

"ನನ್ನ ಸಲುವಾಗಿ ಬ್ಯಾಡ. ಲಾರಿ ಮುಂದ ನಾನೂ ಕುಂತಿದ್ದೆ. ಅವತ್ತು ನೀ ಸುಳ್ಳು ಹೇಳಿದ್ರ ನಾವು ಯಾಕ ಕುಂದರಬೇಕಿತ್ತು? ಅಪ್ಪನ ನಾಲಿಗಿ ಸುಟ್ಟು ಕೊಂಡು ತರೋ ಗಂಡ ನನಗ ಬ್ಯಾಡ. ಹಂಗs ಇರ್ತೀನಿ, ಕುರಿ ಕಾಯ್ತೀನಿ. ನನಗೇನು ಕೈಕಾಲಿಲ್ಲೇನು?"

ಪೆಂಟಮ್ಮ ಮಗಳನ್ನು ಬಯ್ಯಲು ಬಾಯಿ ತೆಗೆದಳು. ಬಯ್ಯುವ ಬದಲು ಅತ್ತಳು, ಆಮೇಲೆ ನಕ್ಕಳು. ಅವಜಪ್ಪ ತಲೆಯ ಕಂಬಳಿ ತೆಗೆದಿಟ್ಟು ರೊಟ್ಟಿ ಕೇಳಿದ.

ಎರಡು ವರ್ಷ ಹಾಗೇ ಹೋಯಿತು. ಮರಿಕಲ್‌ನ ಕಡೆಯ ಸಾಯಣ್ಣ ಎಂಬ ತರುಣ ಮೇವಿನ ಹಾದಿಯಲ್ಲಿ ಮೈಸಮ್ಮನನ್ನು ನೋಡಿದ್ದ. ಅವನು ಹಿರಿಯರನ್ನು ಕಳಿಸಲಿಲ್ಲ, ತಾನೇ ಬಂದ. ಅವಜಪ್ಪ ಎಲ್ಲವನ್ನೂ ಬಿಡಿಸಿ ಹೇಳಿದ: ನಾನು ಅರಬ, ನಮಾಜು ಮಾಡುತ್ತೇನೆ, ಬೀರಪ್ಪನಿಗೂ ಕೈ ಮುಗಿಯುತ್ತೇನೆ, ಕುಲದಲ್ಲಿ ನಮಗೆ ಎಲೆಯಿಲ್ಲ, ನಾಳೆ ನಿನಗೂ ಹಾಕಲಿಕ್ಕಿಲ್ಲ.

"ಗೊತ್ತೈತಿ ಮಾವ," ಎಂದ ಸಾಯಣ್ಣ. "ನಾ ಮದಿವ್ಯಾಗೋದು ಎಲೀ ಜೋಡಿ ಅಲ್ಲ."

ಅವನೇ ನನ್ನ ತಂದೆ. ಮರಿಕಲ್‌ನಲ್ಲಿ ಅವನನ್ನೂ ಕುಲದಿಂದ ಹೊರಗಿಟ್ಟರು. ಎರಡೂ ಊರಿನ ಆ ಬಹಿಷ್ಕಾರವನ್ನು ಯಾರೂ ಸಭೆ ಕೂಡಿಸಿ ತೆಗೆದುಹಾಕಲಿಲ್ಲ. ಒಂದೊಂದು ಮನೆಯವರು ಒಂದೊಂದು ವರ್ಷ ಮರೆತರು. ಹುಸೇನಮ್ಮ ಮೊದಲು ಮರೆತಳು. ಬಾಲಯ್ಯ ಸಾಯುವವರೆಗೂ ಮರೆಯಲಿಲ್ಲ. ಆದರೆ ದಾರಿಯಲ್ಲಿ ಅವಜಪ್ಪ ಸಿಕ್ಕರೆ ನಿಂತು, ಎಲೆ ಅಡಿಕೆ ಹಂಚಿಕೊಂಡು, ಒಂದು ಸುತ್ತು ಜಗಳವಾಡಿಯೇ ಮುಂದೆ ಹೋಗುತ್ತಿದ್ದ.

ಐವತ್ತಾರರಲ್ಲಿ ಹೈದರಾಬಾದ್ ರಾಜ್ಯ ಒಡೆಯಿತು. ರಾಯಚೂರು ಮೈಸೂರಿಗೆ ಹೋಯಿತು, ನಾವು ಆಂಧ್ರಕ್ಕೆ ಬಂದೆವು. ಮುಂದಿನ ಬೇಸಿಗೆಯಲ್ಲಿ ಅವಜಪ್ಪ ಎಂದಿನಂತೆ ಹಿಂಡು ಹೊಡೆದುಕೊಂಡು ರಾಯಚೂರಿನ ದಿಕ್ಕಿಗೆ ಹೊರಟ. ಹೊಸ ಗಡಿಯಲ್ಲಿ ನಿಂತಿದ್ದ ಹೊಸ ಪೋಲೀಸು ಅಡ್ಡ ಬಂದ. ಕಂಬಳಿ, ಭಂಡಾರ, ಬಿಳಿ ಗಡ್ಡ, ಸೊಟ್ಟ ಕೈ ಎಲ್ಲವನ್ನೂ ನೋಡಿ, ಯಾವ ಕಡೆಯವನೆಂದು ತಿಳಿಯದೆ, "ನೀ ಯಾವೂರಾಂವ? ಯಾವ ರಾಜ್ಯ?" ಎಂದು ಕೇಳಿದ.

"ಹುಟ್ಟಿದ್ದು ಅರಬರ ದೇಶದಾಗ. ಬೆಳೆದಿದ್ದು ಗದ್ವಾಲದಾಗ. ಬದುಕಿದ್ದು ಉಟ್ಕೂರಾಗ. ಈಗ ಹುಲ್ಲು ಎಲ್ಲಿ ಐತಿ ಅಲ್ಲಿಗೆ ಹೊಂಟೀನಿ. ಸರೀರಿ ಆಕಡಿ, ಕುರಿ ಬಿಸಲಾಗ ನಿಂತಾವ."